ಬಿಳಿ ಮಚ್ಚೆಯೂ ದೋಸೆ ಕಾವಲಿಯೂ

ಮುಖದ ಮೇಲೆ ಬಿಳಿ ಮಚ್ಚೆ ಇಟ್ಟುಕೊಂಡು ದಿನಾ ಮುಂಬಯಿ ಕಡೆಯ ಡೊಂಬಿವಲಿಯಿಂದ ತುರ್ಭೆಗೆ ಲೋಕಲ್ ರೈಲಿನಲ್ಲಿ ಹೋಗಿಬರುವವಳು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅವೇ ಬಂದು, "ಸ್ವಲ್ಪ ಆಚೆ ಸರಿ" ಎಂದು ಪಕ್ಕದಲ್ಲಿ ಕೂರುತ್ತವೆ.

ನನಗೆ ಮಚ್ಚೆ ಶುರುವಾದದ್ದು ಒಂಬತ್ತನೇ ತರಗತಿಯಲ್ಲಿ. ಡಾಕ್ಟರು ವಿಟಿಲಿಗೊ ಎನ್ನುತ್ತಾರೆ, ಊರಿನವರು ತೊನ್ನು ಎನ್ನುತ್ತಾರೆ. ದೇಹದ ರಕ್ಷಣಾ ವ್ಯವಸ್ಥೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನು ವೈರಿ ಎಂದು ತಿಳಿದು ಅವುಗಳ ಮೇಲೆ ಬೀಳುತ್ತದೆ. ಅಂಟುವುದಿಲ್ಲ. ನಾನು ಓದಿದ್ದು ಸೂಕ್ಷ್ಮಜೀವಿಶಾಸ್ತ್ರ. ಕೆಲಸ ತುರ್ಭೆಯ ಒಂದು ಮಸಾಲೆ ಕಾರ್ಖಾನೆಯ ಲ್ಯಾಬಿನಲ್ಲಿ. ತಿಂಗಳ ಮೊದಲ ಭಾನುವಾರ ಡೊಂಬಿವಲಿಯ ಒಂದು ಶಾಲೆಯ ಕೋಣೆಯಲ್ಲಿ ಮಚ್ಚೆ ಇರುವವರ ಸಭೆ ನಡೆಸುತ್ತೇನೆ.

ಇಲ್ಲಿ ಬರೆಯುತ್ತಿರುವುದು ಹೆಚ್ಚಾಗಿ ಭಟ್ರ ವಿಷಯ. ಸ್ಟೇಷನ್ನಿನ ಹತ್ತಿರ ನನ್ನ ಸೋದರಮಾವನದು ಸಸ್ಯಾಹಾರಿ ಹೋಟೆಲು. ರಸ್ತೆಗೆ ಕಾಣುವಂತೆ ಗಾಜು, ಗಾಜಿನ ಹಿಂದೆ ದೋಸೆ ಕಾವಲಿ, ಕಾವಲಿಯ ಹಿಂದೆ ಇಪ್ಪತ್ತೆಂಟು ವರ್ಷದಿಂದ ಭಟ್ರು. ಕಳೆದ ವರ್ಷ ಅವರ ಬೆರಳ ತುದಿಗಳು ಬೆಳ್ಳಗಾದವು. ಆಮೇಲೆ ಮುಂಗೈ. ಮಾವ ಅವರನ್ನು ಹಿಂದಿನ ಅಡುಗೆಮನೆಗೆ ಕಳಿಸಿ ಕಾಯಿ ತುರಿಯಲು ಕೂರಿಸಿದರು. ಸಂಬಳ ಕಡಿಮೆ ಮಾಡಲಿಲ್ಲ. ಭಟ್ರಿಗೆ ಅದೇ ಹೆಚ್ಚು ಅವಮಾನವಾಯಿತು.

ಈ ಸಲದ ಮಳೆಗಾಲದ ಶುರುವಿನಲ್ಲಿ ಅವರು ನನ್ನನ್ನು ಹಿಂದಿನ ಬಾಗಿಲಿಗೆ ಕರೆದರು.

"ಮಗಾ, ನಾನು ದೋಸೆ ಹೊಯ್ಯುವವ. ಕಾಯಿ ತುರೀಲಿಕ್ಕೆ ಮಿಷನ್ ಉಂಟು. ನಿನ್ನ ಮಾವನಿಗೆ ಹೇಳು, ನನ್ನನ್ನು ಕಾವಲಿಗೆ ವಾಪಸ್ ಹಾಕ್ಲಿಕ್ಕೆ. ದೀಪಾವಳಿವರೆಗೆ ನೋಡ್ತೇನೆ. ಆಗ್ಲಿಲ್ವಾ, ಊರಿಗೆ ಹೋಗ್ತೇನೆ."

ಊರಿನಲ್ಲಿ ಅವರಿಗೆ ಮನೆಯಿತ್ತು, ಕೆಲಸವಿರಲಿಲ್ಲ. ನಾನು ಪ್ರಯತ್ನಿಸುತ್ತೇನೆ ಎಂದೆ.

೧. ಮಹಿಳೆಯರ ಡಬ್ಬಿಯ ತಜ್ಞರು

ಮಾವನಿಗೆ ಏನು ಹೇಳಬೇಕೆಂದು ಮರುದಿನ ರೈಲಿನ ಮಹಿಳಾ ಬೋಗಿಯಲ್ಲಿ ಚೀಟಿಯ ಮೇಲೆ ಬರೆದುಕೊಳ್ಳುತ್ತಿದ್ದೆ. ಎದುರಿನ ಆಂಟಿ ನನ್ನ ಮುಖವನ್ನು ಠಾಣೆ ಸ್ಟೇಷನ್ನಿನಿಂದಲೇ ನೋಡುತ್ತಿದ್ದರು. ಐರೋಲಿ ದಾಟಿದ ಮೇಲೆ ಕೇಳಿದರು: "ಬೇಟಾ, ಯೇ ಕಬ್ ಸೆ ಹೈ?"

ಯಾವಾಗಿನಿಂದ ಎಂದು ಹೇಳಿದೆ.

"ಹಾಗಲಕಾಯಿ ರಸ. ಖಾಲಿ ಹೊಟ್ಟೆಗೆ. ನಮ್ಮ ನಾದಿನಿಗೆ ನಲವತ್ತು ದಿನದಲ್ಲಿ ಹೋಯಿತು."

ಪಕ್ಕದಲ್ಲಿ ನಿಂತಿದ್ದವರೊಬ್ಬರು ಮಧ್ಯೆ ಬಂದರು. "ಕಹಿಯಿಂದಲೇ ಬರುವುದು ಇದು! ಮೊದಲು ಕಹಿ ಬಿಡಿಸಬೇಕು."

"ನಿಮಗೆ ಯಾರು ಹೇಳಿದ್ದು?"

"ನಿಮ್ಮ ನಾದಿನಿಗೆ ಇದ್ದದ್ದು ಇದೇ ಅಂತ ನಿಮಗೆ ಯಾರು ಹೇಳಿದ್ದು?"

ನಾದಿನಿಯವರೆಗೆ ಹೋದ ಮೇಲೆ ಜಗಳ ಸುಲಭಕ್ಕೆ ನಿಲ್ಲುವುದಿಲ್ಲ. ಒಬ್ಬರು ತಾಮ್ರದ ಚೊಂಬಿನ ನೀರು ಎಂದರು, ಇನ್ನೊಬ್ಬರು ಚೊಂಬನ್ನೇ ನಿಷೇಧಿಸಿದರು. ಘಣಸೋಲಿ ಬರುವಷ್ಟರಲ್ಲಿ ನಾನು ತಿನ್ನಬಹುದಾದದ್ದು ಅನ್ನ ಮಾತ್ರ ಉಳಿದಿತ್ತು. ಕೊನೆಗೆ ಕಿಟಕಿಯ ಪಕ್ಕದ ಮುದುಕಿಯೊಬ್ಬರು ಗದರಿದರು. "ಅರೆ, ಹುಡುಗಿಯನ್ನೇ ಕೇಳಿ. ಬೇಟಾ, ನಿನಗೆ ಏನಾದರೂ ತೊಂದರೆ ಇದೆಯಾ?"

"ಇದೆ," ಎಂದೆ.

ಎಲ್ಲರೂ ನನ್ನ ಕಡೆ ಬಾಗಿದರು.

"ಈ ಆಂಟಿಯ ಟಿಫಿನ್ ಚೀಲ ಆಗಿನಿಂದ ನನ್ನ ಕಾಲ ಮೇಲಿದೆ."

೨. ಮಾವನ ಭಯ

ಮಾವನಿಗೆ ಚೀಟಿ ನೋಡಿಕೊಂಡೇ ಹೇಳಿದೆ. ಮೊದಲನೆಯ ಅಂಶ: ಇದು ಅಂಟುರೋಗವಲ್ಲ.

"ಅದು ನನಗೆ ಗೊತ್ತುಂಟು ಮಾರಾಯ್ತಿ," ಎಂದರು ಮಾವ. "ನೀನು ನಮ್ಮ ಮನೆಯಲ್ಲೇ ಉಂಡು ಬೆಳೆದವಳು. ನಮ್ಗೆ ಯಾರಿಗೆ ಅಂಟಿದೆ?"

ಚೀಟಿಯಲ್ಲಿ ಉಳಿದದ್ದೆಲ್ಲ ಅವರಿಗೆ ಅದು ಗೊತ್ತಿಲ್ಲ ಎಂಬುದರ ಮೇಲೆಯೇ ನಿಂತಿತ್ತು. "ಮತ್ತೆ ಭಟ್ರನ್ನು ಒಳಗೆ ಕೂರಿಸಿದ್ದು ಯಾಕೆ?"

ಮಾವ ಆಚೀಚೆ ನೋಡಿ, ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಮೇಲೆ ಬಾಗಿದರು. ದನಿ ತಗ್ಗಿಸಿದರು.

"ಮೀನು."

"ಏನು?"

"ಮೀನು ತಿಂದು ಹಾಲು ಕುಡಿದ್ರೆ ತೊನ್ನು ಬರ್ತದೆ ಅಂತ ಜನ ಹೇಳುದಿಲ್ವಾ? ಅಂಟುರೋಗ ಅಂತ ತಿಳ್ಕೊಂಡ್ರೆ ಗಿರಾಕಿಗಳು ಎಂಟು ದಿವಸ ಬರುದಿಲ್ಲ. ಇವರ ಭಟ್ರು ಕದ್ದು ಮೀನು ತಿಂತಾರೆ ಅಂತ ಸುದ್ದಿ ಆಯ್ತಾ, ಮತ್ತೆ ಜನ್ಮದಲ್ಲಿ ಬರುದಿಲ್ಲ. ಹೊರಗೆ ಬೋರ್ಡು ನೋಡು ಎಂತ ಉಂಟು. ಶುದ್ಧ ಶಾಕಾಹಾರಿ!"

ದನಿ ತಗ್ಗಿಸಿದ್ದು ಸಾಕಾಗಿರಲಿಲ್ಲ. ಒಳಗಿನಿಂದ ಭಟ್ರು ಅರ್ಧ ತುರಿದ ಕಾಯಿ ಹಿಡಿದುಕೊಂಡೇ ಬಂದರು.

"ರಾಯರೇ, ನಾನು ಈರುಳ್ಳಿ ತಿನ್ಲಿಕ್ಕೆ ಶುರು ಮಾಡಿದ್ದೇ ಡೊಂಬಿವಲಿಗೆ ಬಂದ ಮೇಲೆ! ಅದೂ ನಿಮ್ಮ ಸಾಂಬಾರಿನಿಂದ!"

"ನಾನು ಹೇಳಿದ್ದಲ್ಲ ಭಟ್ರೇ, ಜನ ಹೇಳುದು."

ಮೀನಿಗೂ ಹಾಲಿಗೂ ಮಚ್ಚೆಗೂ ಯಾವ ಸಂಬಂಧವೂ ಇಲ್ಲ ಎಂದು ನಾನು ಮಾವನಿಗೆ ವಿವರಿಸಿದೆ. ಮಾವ ಗಮನವಿಟ್ಟು ಕೇಳಿದರು.

"ಹಾಗಾದ್ರೆ ನಿನ್ನ ಅಪ್ಪ ತಿಂತಿರ್ಲಿಲ್ವಾ?"

"ಅಪ್ಪನಾ?"

"ಅಲ್ಲ, ನಿನಗೆ ಬಂದದ್ದಲ್ವಾ... ಅವರ ಆಫೀಸು ಆಗ ಮೀನು ಮಾರ್ಕೆಟ್ಟಿನ ಪಕ್ಕವೇ ಇತ್ತು. ಮನೆಗೂ ಏನಾದ್ರೂ ತರ್ತಿದ್ರೋ ಅಂತ."

ಮದುವೆಮನೆಗಳಲ್ಲಿ ಅಪ್ಪನ ಎಲೆಯ ಹತ್ತಿರ ಹಾಲುಪಾಯಸ ಬಂದಾಗಲೆಲ್ಲ ಮಾವ ಯಾಕೆ "ಅವರಿಗೆ ಬೇಡ, ಅವರಿಗೆ ಬೇಡ" ಎಂದು ಬಡಿಸುವವರನ್ನು ಮುಂದಕ್ಕೆ ಕಳಿಸುತ್ತಿದ್ದರು ಎಂಬುದು ನನಗೆ ಹತ್ತು ವರ್ಷದ ಮೇಲೆ ತಿಳಿಯಿತು.

೩. ಗ್ಲೌಸು

ಮಾವ ಪೂರ್ತಿ ಒಪ್ಪಲಿಲ್ಲ, ಪೂರ್ತಿ ಬಿಡಲೂ ಇಲ್ಲ. ಭಟ್ರು ಕಾವಲಿಗೆ ಬರಬಹುದು, ಕೈ ಮಾತ್ರ ಯಾರಿಗೂ ಕಾಣಬಾರದು ಎಂದರು.

ಮೊದಲು ಗಾಜಿಗೆ ಬಿಳಿ ಸ್ಟಿಕ್ಕರ್ ಅಂಟಿಸಿದರು. ಇಪ್ಪತ್ತೆಂಟು ವರ್ಷ ತೆರೆದಿದ್ದ ಕಾವಲಿ ಒಂದು ಬೆಳಿಗ್ಗೆ ಮುಚ್ಚಿಕೊಂಡರೆ ಜನ ಸುಮ್ಮನಿರುತ್ತಾರೆಯೇ? ಒಬ್ಬರು ಇಣುಕಿದರು. ಇಬ್ಬರು ಇಣುಕಿದರು. ಎಂಟು ಗಂಟೆಗೆ, ಮೊದಲು ಎಂದೂ ಭಟ್ರ ಕೈ ನೋಡದವರೂ ಸ್ಟಿಕ್ಕರಿನ ಪಕ್ಕದ ಸಂದಿನಿಂದ ಅವರ ಕೈಯನ್ನೇ ನೋಡುತ್ತಿದ್ದರು.

ಎರಡನೆಯ ಉಪಾಯ ರಬ್ಬರ್ ಗ್ಲೌಸು. ನಾನು ಬೇಡವೆಂದೆ. ರಬ್ಬರ್ ಎಷ್ಟು ಶಾಖ ತಡೆಯುತ್ತದೆ, ಕಾವಲಿ ಎಷ್ಟು ಕಾಯುತ್ತದೆ ಎಂಬ ಲೆಕ್ಕವನ್ನೂ ಹೇಳಿದೆ. "ಲ್ಯಾಬಿನಲ್ಲಿ ನೀನು ಹಾಕುದಿಲ್ವಾ?" ಎಂದರು ಮಾವ. ನಾನು ಲ್ಯಾಬಿನಲ್ಲಿ ದೋಸೆ ಹೊಯ್ಯುವುದಿಲ್ಲ ಎಂದೆ. ಅದನ್ನು ಅವರು ಉದ್ಧಟತನ ಎಂದು ತೆಗೆದುಕೊಂಡರು.

ಭಟ್ರು ಗ್ಲೌಸು ಹಾಕಿಕೊಂಡು ಎರಡು ದೋಸೆ ಹೊಯ್ದರು. ಮೂರನೆಯದಕ್ಕೆ ಎಡಗೈಯ ಹೆಬ್ಬೆರಳು ಕಾವಲಿಗೆ ಅಂಟಿತು. ಭಟ್ರದ್ದಲ್ಲ, ಗ್ಲೌಸಿನದು. ಸುಟ್ಟ ರಬ್ಬರಿನ ವಾಸನೆ ಹೋಟೆಲು ತುಂಬಿತು. ವಾಸನೆ ಹೋಗಲಿ ಎಂದು ಮಾವ ಗಲ್ಲೆಯ ಮೇಲೆ ಒಂದು ಕಟ್ಟು ಊದುಬತ್ತಿ ಹಚ್ಚಿದರು. ಗಾಜು ಮುಚ್ಚಿದೆ, ಊದುಬತ್ತಿಯ ಹೊಗೆ ಎದ್ದಿದೆ, ಮಾಲೀಕರ ಮುಖ ಬಾಡಿದೆ. ಗಿರಾಕಿಗಳು ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡರು. ಒಬ್ಬರನ್ನೊಬ್ಬರು ಮಾತಾಡಿಸದೆ ತಿಂದು, ಹೋಗುವಾಗ ಮಾವನ ಭುಜ ಮುಟ್ಟಿ ಹೋದರು.

ಭಟ್ರು ಮತ್ತೆ ಹಿಂದಿನ ಅಡುಗೆಮನೆಗೆ ಹೋದರು.

೪. ಸಂಘದಲ್ಲಿ ಉಪನ್ಯಾಸ

ಒಬ್ಬಳೇ ಹೇಳಿದರೆ ಮಾವ ಕೇಳುವುದಿಲ್ಲ, ಸಭೆಯಲ್ಲಿ ಶಾಲು ಹೊದಿಸಿಕೊಂಡು ಹೇಳಿದರೆ ಕೇಳುತ್ತಾರೆ. ಹಾಗೆಂದುಕೊಂಡು ಠಾಣೆಯ ನಮ್ಮ ಊರಿನವರ ಸಂಘದಲ್ಲಿ ಒಂದು ಉಪನ್ಯಾಸಕ್ಕೆ ಒಪ್ಪಿಕೊಂಡೆ. ಮೂವತ್ತೆರಡು ಸ್ಲೈಡು ಮಾಡಿದೆ. ಮಾವನನ್ನು ಮೊದಲ ಸಾಲಿನಲ್ಲಿ ಕೂರಿಸಿದೆ.

ಪ್ರಾರ್ಥನೆ, ಸ್ವಾಗತ, ದೀಪ, ಶಾಲು, ಅಧ್ಯಕ್ಷರ ಎರಡು ಮಾತು. ಎರಡು ಮಾತು ಮುಗಿಯುವಾಗ ಊಟದ ಹೊತ್ತಾಗಿತ್ತು. ಕಾರ್ಯದರ್ಶಿ ಕಿವಿಯಲ್ಲಿ ಹೇಳಿದರು: "ಏಳು ನಿಮಿಷ ಉಂಟು. ಅನ್ನ ಆಗಿದೆ."

ಮೂವತ್ತು ಸ್ಲೈಡು ಬಿಟ್ಟು ಎರಡನ್ನು ತೋರಿಸಿದೆ. ಮೊದಲ ಸಾಲಿನಲ್ಲಿ ಮಾವ ನಿದ್ದೆ ಹೋಗಿದ್ದರು. ಕೊನೆಗೆ, "ಮೀನು ತಿಂದು ಹಾಲು ಕುಡಿದರೆ ಮಚ್ಚೆ ಬರುತ್ತದೆ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ," ಎಂದೆ.

ಸಭೆ ಎದ್ದು ಕೂತಿತು. ನಮ್ಮ ಸಂಘದಲ್ಲಿ ಮೀನು ತಿನ್ನುವವರೂ ಬಹಳ ಜನ. ಹಿಂದಿನ ಸಾಲಿನ ಹಿರಿಯರೊಬ್ಬರು ಮೈಕಿಗೆ ಕಾಯದೆ ಕೇಳಿದರು.

"ಒಂದು ನಿಮಿಷ ಮೇಡಂ. ಬಂಗುಡೆ ಮೀನಿನ ಗಸಿ ಉಂಡು ಮೇಲೆ ಮಜ್ಜಿಗೆ ಕುಡಿಬಹುದಾ?"

"ಮಚ್ಚೆಯ ಭಯದಿಂದ ಬಿಡಬೇಕಾಗಿಲ್ಲ."

"ಐಸ್ ಕ್ರೀಂ?"

"ತಿನ್ನಬಹುದು."

ಹಿರಿಯರು ಪಕ್ಕದಲ್ಲಿದ್ದ ಹೆಂಡತಿಯ ಕಡೆ ತಿರುಗಿದರು. "ಕೇಳಿದ್ಯಾ? ಮೂವತ್ತು ವರ್ಷ ಆಯ್ತು ನೀನು ನನ್ನ ಕೈಯಿಂದ ಮಜ್ಜಿಗೆ ಲೋಟ ಕಸಿದುಕೊಳ್ಳಲಿಕ್ಕೆ ಶುರು ಮಾಡಿ!"

ಹೆಂಡತಿ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಚಪ್ಪಾಳೆಗೆ ಮಾವನಿಗೆ ಎಚ್ಚರವಾಯಿತು. ಸುತ್ತಲಿನವರ ಮಾತಿನಲ್ಲಿ ಅವರ ಕಿವಿಗೆ ಬಿದ್ದ ಮೊದಲ ಶಬ್ದ ಬಂಗುಡೆ. "ಇಲ್ಲಿ ನಮ್ಮ ಹೋಟೆಲಿನ ಹೆಸರು ಹೇಳ್ಲಿಲ್ಲ ಅಲ್ವಾ?" ಎಂದು ಗಾಬರಿಯಿಂದ ಕೇಳಿದರು.

ವಾರದ ಮೇಲೆ ಸಂಘದ ವರದಿ ವಾಟ್ಸಾಪಿಗೆ ಬಂತು. "ಬಂಗುಡೆ ಗಸಿಯ ಮೇಲೆ ಮಜ್ಜಿಗೆ ಕುಡಿಯಬಹುದು ಎಂಬ ವಿಷಯವಾಗಿ ನಮ್ಮ ಯುವ ವಿಜ್ಞಾನಿಯಿಂದ ಮಾಹಿತಿಪೂರ್ಣ ಉಪನ್ಯಾಸ ನಡೆಯಿತು. ಉಪನ್ಯಾಸಕರು ಸ್ವತಃ ಸಸ್ಯಾಹಾರಿಗಳೆಂಬುದು ವಿಶೇಷ."

೫. ಉದ್ದು ಕಡಿಮೆ

ಮಾವನನ್ನು ಬದಲಾಯಿಸಲು ಆಗಲಿಲ್ಲ. ಭಟ್ರನ್ನಾದರೂ ನಮ್ಮ ಸಭೆಗೆ ಕರೆದುಕೊಂಡು ಹೋಗೋಣ ಎಂದುಕೊಂಡೆ. ಊರಿನ ಟಿಕೇಟಿನ ಮಾತು ಆಗಲೇ ಶುರುವಾಗಿತ್ತು.

ಅವರು ತುಂಬು ತೋಳಿನ ಅಂಗಿ ಹಾಕಿ, ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡು ಬಂದರು. ಕೂತ ಮೇಲೂ ತೆಗೆಯಲಿಲ್ಲ. ನಮ್ಮಲ್ಲಿ ಬರುತ್ತಿದ್ದವರು ಹತ್ತು ಜನ. ಸುತ್ತಲೂ ಒಬ್ಬೊಬ್ಬರು ತಮ್ಮ ಮಾತು ಹೇಳುವುದು ನಮ್ಮ ಕ್ರಮ. ಕಾಮೋಠೆಯಿಂದ ಬರುವ ಬ್ಯಾಂಕಿನ ಅಕ್ಕ, ಕೈಕುಲುಕಲು ಹೆದರುವ ಗಿರಾಕಿಗಳ ವಿಷಯ ಹೇಳಿದರು. ಕಳವಾ ಸ್ಟೇಷನ್ನಿನ ಬಳಿ ರೈಲು ರಿಪೇರಿ ಮಾಡುವ ಕಾರ್‌ಶೆಡ್ಡಿನ ಅಣ್ಣ, ತನ್ನ ಜೊತೆ ಊಟದ ಡಬ್ಬಿ ಹಂಚಿಕೊಳ್ಳುವುದನ್ನು ಬಿಟ್ಟ ಗೆಳೆಯನ ವಿಷಯ ಹಿಂದಿಯಲ್ಲಿ ಹೇಳಿದ. "ಮೊದಲ ವಾರ ಅಳು ಬಂತು. ಎರಡನೇ ವಾರ ನೆನಪಾಯಿತು, ಅವನ ಡಬ್ಬಿಯಲ್ಲಿ ದಿನಾ ಕುಂಬಳಕಾಯಿ."

ಭಟ್ರ ಸರದಿ ಬಂತು. ಅವರು ನೆಲ ನೋಡಿದರು. ನಾನು, ಬೇಡದಿದ್ದರೆ ಬಿಡಿ ಎನ್ನುವವಳಿದ್ದೆ.

"ಈ ಇಡ್ಲಿ ಯಾರು ಮಾಡಿದ್ದು?" ಎಂದರು.

ತಿಂಡಿಗೆ ತರಿಸಿದ್ದ ಇಡ್ಲಿ. ಹೊರಗಿಂದ ತಂದದ್ದು ಎಂದೆ.

"ಉದ್ದು ಕಡಿಮೆ. ಅಕ್ಕಿಯೂ ಸರಿ ನೆನೆಯಲಿಲ್ಲ." ಜೇಬಿನಿಂದ ಕೈ ತೆಗೆದರು. ಇಡ್ಲಿಯೊಂದನ್ನು ಎತ್ತಿ, ಎರಡು ಭಾಗ ಮಾಡಿ, ಒಳಗನ್ನು ಎಲ್ಲರಿಗೂ ತೋರಿಸಿದರು. "ನೋಡಿ. ಕಲ್ಲು."

ಹತ್ತು ಜನ ಬಾಗಿ ಇಡ್ಲಿ ನೋಡಿದರು. ಕೈಯನ್ನು ಯಾರೂ ನೋಡಲಿಲ್ಲ.

ಮುಂದಿನ ತಿಂಗಳು ಭಟ್ರು ಕಾವಲಿ, ಗ್ಯಾಸು, ಒಂದು ಕೊಪ್ಪರಿಗೆ ಹಿಟ್ಟು ತಂದು ಶಾಲೆಯ ಜಗುಲಿಯಲ್ಲಿ ನಿಂತರು. ಬಂದವರು ಇಪ್ಪತ್ತು. ಅದರ ಮುಂದಿನ ತಿಂಗಳು ಜಗುಲಿ ಸಾಲಲಿಲ್ಲ. ತಿಂದು ನೇರ ಎದ್ದು ಹೋಗುವವರು ಹೆಚ್ಚಾದರು. ಆದ್ದರಿಂದ ನಾನು ಚರ್ಮದ ಡಾಕ್ಟರೊಬ್ಬರನ್ನು ಕರೆಸಿ ಒಂದು ನಿಯಮ ಮಾಡಿದೆ: ಮೊದಲು ಡಾಕ್ಟರ ಮಾತು, ಆಮೇಲೆ ದೋಸೆ. ಬಾಗಿಲಲ್ಲಿ ಕಾರ್‌ಶೆಡ್ಡಿನ ಅಣ್ಣನನ್ನು ನಿಲ್ಲಿಸಿದೆ.

ಅಲ್ಲಿಗೆ ತಪ್ಪದೆ ಬರುತ್ತಿದ್ದವರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಡಾಕ್ಟರ ಮಾತನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಅವರ ಕೈ, ಮುಖ, ಕುತ್ತಿಗೆ ಎಲ್ಲಿಯೂ ಮಚ್ಚೆ ಕಾಣಲಿಲ್ಲ. ಕಾಣದ ಜಾಗದಲ್ಲಿರಬಹುದು, ಸಂಕೋಚದವರು ಎಂದು ಡಾಕ್ಟರು ಅವರನ್ನು ಮೆಲ್ಲಗೆ ಬದಿಗೆ ಕರೆದು ಧೈರ್ಯ ಹೇಳಿದರು.

"ನನಗೆ ಮಚ್ಚೆ ಇಲ್ಲ ಡಾಕ್ಟ್ರೇ," ಎಂದರು ಮೇಷ್ಟ್ರು. "ನಾನು ಭಟ್ರ ಹಳೆಯ ಗಿರಾಕಿ. ಅವರು ಈಗ ಇಲ್ಲಿ ಮಾತ್ರ ದೋಸೆ ಹೊಯ್ತಾರೆ ಅಂತ ಗೊತ್ತಾಯ್ತು. ದೋಸೆಗೆ ಒಂದು ಪಾಠ ಕೇಳಬೇಕು ಅಂದರೆ ಕೇಳೋಣ. ನನ್ನ ಪಾಠವನ್ನು ಮಕ್ಕಳು ಏನೂ ಸಿಗದೆ ಕೇಳ್ತಿರಲಿಲ್ವಾ?"

೬. ಮಾಲೀಕರು ಮೊದಲ ಸಾಲಿಗೆ

ದೀಪಾವಳಿಗೆ ಮೊದಲಿನ ಭಾನುವಾರ ಮಾವ ಶಾಲೆಗೆ ಬಂದರು. ತಿಂಗಳ ಮೊದಲ ಭಾನುವಾರ ಮಾತ್ರ ತಮ್ಮ ಹೋಟೆಲಿನ ಕುರ್ಚಿಗಳು ಯಾಕೆ ಖಾಲಿ ಎಂದು ಅವರಿಗೆ ಯಾರೋ ಹೇಳಿದ್ದರು. ಭಟ್ರ ಟಿಕೇಟು ಮರುವಾರದ್ದು.

ಮಾವ ನೇರ ಜಗುಲಿಗೆ ನುಗ್ಗಿದರು. ಕಾರ್‌ಶೆಡ್ಡಿನ ಅಣ್ಣ ಕೈ ಅಡ್ಡ ಹಿಡಿದ.

"ಪೆಹಲೆ ಲೆಕ್ಚರ್, ಫಿರ್ ಡೋಸಾ."

"ಅರೆ, ಮೈ ಉನ್ಕಾ ಮಾಲಿಕ್ ಹೂಂ!"

"ಮಾಲಿಕ್ ಹೋ ತೋ ಆಗೇ ಬೈಠೋ."

ಮೊದಲ ಸಾಲಿನಲ್ಲಿ ಕೂರಿಸಿಯೇ ಬಿಟ್ಟ. ಡಾಕ್ಟರು ಮುಂದಿದ್ದರು. ನಿದ್ದೆ ಮಾಡುವಂತಿರಲಿಲ್ಲ. ನಲವತ್ತು ನಿಮಿಷ ಮಾವ ಕೇಳಿದರು. ಸುತ್ತ ನೋಡಿದರೆ ಎಲ್ಲ ಅವರದೇ ಗಿರಾಕಿಗಳು. ಆಮೇಲೆ ಸಾಲಿನಲ್ಲಿ ನಿಂತರು. ತಟ್ಟೆ ಹಿಡಿದು ಭಟ್ರ ಎದುರು ಬಂದರು. ಒಂದು ದೋಸೆ ತಿಂದರು. ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತು ಇನ್ನೊಂದು ತಿಂದರು. ನಾನು ಚಟ್ನಿ ಬಡಿಸುತ್ತಿದ್ದೆ.

"ಭಟ್ರೇ," ಎಂದರು ಮಾವ. "ನಾಳೆ ಕಾವಲಿಗೆ ಬನ್ನಿ."

"ಗ್ಲೌಸು?" ಭಟ್ರು ತಲೆ ಎತ್ತಲಿಲ್ಲ.

"ಬೇಡ."

"ಸ್ಟಿಕ್ಕರು?"

"ಇವತ್ತೇ ತೆಗೆಸ್ತೇನೆ." ಸೋತು ಒಪ್ಪಿದಂತೆ ಕಾಣಬಾರದು ಎಂದು ಮಾವನಿಗೆ ಅನಿಸಿರಬೇಕು. "ಆದ್ರೆ ಜಾಗ್ರತೆ. ಕೈ ಸುಟ್ಟುಕೊಂಡ್ರೆ ಅಲ್ಲಿಯೂ ಮಚ್ಚೆ ಬರ್ಬಹುದು ಅಂತ ಡಾಕ್ಟ್ರು ಈಗ ಹೇಳಿದ್ದಾರೆ."

"ಇಪ್ಪತ್ತೆಂಟು ವರ್ಷದಲ್ಲಿ ನನ್ನ ಕೈ ಕಾವಲಿಯಿಂದ ಸುಟ್ಟದ್ದಿಲ್ಲ ರಾಯರೇ," ಎಂದರು ಭಟ್ರು. "ಒಂದೇ ಸಲ ಸುಟ್ಟದ್ದು. ಅದು ನೀವು ತಂದುಕೊಟ್ಟ ಬಿಸಿ ಚಾದಿಂದ."

೭. ಏಕ್ ಬಾತ್ ಪೂಛ್ನಿ ಥಿ

ಸೋಮವಾರ ಬೆಳಿಗ್ಗೆ ಗಾಜು ಹೊಳೆಯುತ್ತಿತ್ತು. ಅಂಟಿನ ಗುರುತು ಮೂಲೆಯಲ್ಲಿ ಸ್ವಲ್ಪ ಉಳಿದಿತ್ತು. ಭಟ್ರು ಅರ್ಧ ತೋಳಿನ ಬನಿಯನ್ನಿನಲ್ಲಿ ನಿಂತಿದ್ದರು. ಕೆಲಸಕ್ಕೆ ಹೋಗುವ ಮೊದಲು ಐದು ನಿಮಿಷ ನೋಡಿ ಹೋಗೋಣ ಎಂದು ಬಂದಿದ್ದೆ. ಮೇಷ್ಟ್ರು ಮತ್ತು ಹಳೆಯ ಗಿರಾಕಿಗಳು ಏಳೆಂಟು ಜನ ಕೂತಿದ್ದರು. ಯಾರೂ ಭಟ್ರ ಕಡೆ ನೋಡುತ್ತಿಲ್ಲ ಎಂದು ತೋರಿಸಲು ಎಲ್ಲರೂ ಬಹಳ ಕಷ್ಟಪಡುತ್ತಿದ್ದರು.

ಆಗ ಹೊಸಬರೊಬ್ಬರು ಬಂದರು. ಕುತ್ತಿಗೆಗೆ ಆಫೀಸಿನ ಕಾರ್ಡು, ಬೆನ್ನಿಗೆ ಚೀಲ. ಗಾಜಿನ ಮುಂದೆ ನಿಂತು ಭಟ್ರ ಕೈಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಮಾತು ಕೇಳುವುದಿದೆ ಎನ್ನುತ್ತ ಗಲ್ಲೆಗೆ ಬಂದರು: "ಸೇಠ್, ಏಕ್ ಬಾತ್ ಪೂಛ್ನಿ ಥಿ."

ಭಟ್ರ ಸೌಟು ಹಿಟ್ಟಿನ ಮೇಲೆಯೇ ನಿಂತಿತು.

ಮಾವ ಎದ್ದು ನಿಂತರು. ಗಲ್ಲೆಯಲ್ಲಿ ಕೂತ ಮಾವ ಎದ್ದು ನಿಂತದ್ದನ್ನು ನಾನು ನೋಡಿರಲಿಲ್ಲ.

"ಅಂಟುವುದಿಲ್ಲ!" ಎಂದರು ಹಿಂದಿಯಲ್ಲಿ. "ಮುಟ್ಟಿದರೆ ಬರುವುದಿಲ್ಲ, ತಿಂದರೆ ಬರುವುದಿಲ್ಲ. ಶರೀರದ ಒಳಗೆ ಪೊಲೀಸರು ಇದ್ದಾರೆ. ಅವರು ಬಣ್ಣದ ಕೋಶಗಳನ್ನು ಕಳ್ಳರು ಅಂತ ತಿಳಿದು..."

"ಮೆಲನೊಸೈಟ್ ಅನ್ನಿ ರಾಯರೇ," ಎಂದು ಮೇಷ್ಟ್ರು ತಿದ್ದಿದರು, ನೋಟ್‌ಬುಕ್ಕು ತೆರೆದು. ಇನ್ನೊಬ್ಬರು ಮರಾಠಿಯಲ್ಲಿ, ಇದು ಕುಷ್ಠವೂ ಅಲ್ಲ, ಶಾಪವೂ ಅಲ್ಲ ಎಂದರು. ಮತ್ತೊಬ್ಬರು ಟಿಶ್ಯೂ ಪೇಪರಿನ ಮೇಲೆ ಚರ್ಮದ ಪದರಗಳ ಚಿತ್ರ ಬರೆದು ಆ ಮನುಷ್ಯನ ಕೈಗೆ ಕೊಟ್ಟರು. ಮಾವ ಚಿಕಿತ್ಸೆಗೆ ಬಂದರು. ಮೇಷ್ಟ್ರು ಮಾವನನ್ನು ಕಾರಣಗಳಿಗೆ ವಾಪಸ್ ಕರೆದುಕೊಂಡು ಹೋದರು. ನನಗೆ ಸೇರಿಸಲು ಒಂದು ಅಂಶವೂ ಉಳಿಯಲಿಲ್ಲ. ನನ್ನ ಮೂವತ್ತೆರಡು ಸ್ಲೈಡೂ ಆಗಿಹೋಗಿತ್ತು.

ಆ ಮನುಷ್ಯ ಎಲ್ಲವನ್ನೂ ಕೇಳಿದರು. ಎರಡು ಸಲ ಬಾಯಿ ತೆರೆದು ಮುಚ್ಚಿದರು. ಮಾವ ಕೊನೆಗೆ ಉಸಿರು ತೆಗೆದುಕೊಳ್ಳಲು ನಿಂತಾಗ ಹೇಳಿದರು.

"ಇದೆಲ್ಲ ನನಗೆ ಗೊತ್ತು ಸೇಠ್, ನನ್ನ ಅಣ್ಣನಿಗೂ ಇದೆ. ಇವರ ಕೈ ಎಷ್ಟು ಜೋರಾಗಿ ಓಡುತ್ತದೆ ಅಂತ ನೋಡುತ್ತಿದ್ದೆ. ಒಂದು ಮಸಾಲೆ ದೋಸೆ ಐದು ನಿಮಿಷದಲ್ಲಿ ಪಾರ್ಸೆಲ್ ಆಗುತ್ತದಾ ಅಂತ ಕೇಳುವುದಿತ್ತು." ಗಡಿಯಾರ ನೋಡಿಕೊಂಡರು. "ನನಗೆ ಎಂಟು ಹನ್ನೆರಡರ ಫಾಸ್ಟ್ ಗಾಡಿ ಇತ್ತು."

"ಇತ್ತು" ಎಂದದ್ದನ್ನು ಎಲ್ಲರೂ ಗಮನಿಸಿದರು. ಮಾವ ಮೆಲ್ಲಗೆ ಕೂತರು. ಭಟ್ರು ಕಾವಲಿಗೆ ನೀರು ಚಿಮುಕಿಸಿದರು. ಚುಂಯ್ ಎಂದಿತು.

"ಇವರಿಗೆ ಒಂದು ಕುರ್ಚಿ ಕೊಡಿ," ಎಂದರು, ಬೆಳ್ಳಗಿನ ಬೆರಳುಗಳಲ್ಲಿ ಸೌಟು ತಿರುಗಿಸುತ್ತ. "ಗಾಡಿ ಹೇಗೂ ಹೋಯ್ತು. ಬಿಸಿಬಿಸಿ ತಿನ್ಲಿ."

ನನ್ನ ಗಾಡಿಯೂ ಹೋಗಿತ್ತು. ನಾನೂ ಕೂತೆ.